ಗಡಿಯಾರ ಮಲಗಿಸುವುದಿಲ್ಲ, ಎಬ್ಬಿಸಿ ಕೂರಿಸುತ್ತದೆ

"ಡಾಕ್ಟ್ರೇ, ಬೆಳಗ್ಗೆ 5ಕ್ಕೆ ಏಳ್ಬೇಕು ಅಂತ ರಾತ್ರಿ 9ಕ್ಕೇ ದೀಪ ಆರಿಸ್ತೀನಿ. ಹನ್ನೊಂದೂವರೆ ತನಕ ಕಣ್ಣು ಪಿಳಿಪಿಳಿ. ಅದೇ ಮಧ್ಯಾಹ್ನ ಕುರ್ಚೀಲಿ ಕೂತ್ರೆ ತೂಕಡಿಕೆ!"

ನಿದ್ದೆಯ ತೊಂದರೆ ಅಂತ ನನ್ನ ಹತ್ತಿರ ಬರುವವರು ಈ ಮಾತನ್ನು ಬೇರೆ ಬೇರೆ ಥರ ಹೇಳುತ್ತಲೇ ಇರುತ್ತಾರೆ. ಇವರು ಮೊದಲು 8ಕ್ಕೆ ಏಳುತ್ತಿದ್ದವರು, ಈಗ ಕೆಲಸ ಬೆಳಗಿನ ಪಾಳಿಗೆ ಬದಲಾಗಿತ್ತು. ಟೆನ್ಷನ್ ಇರಬೇಕು ಅಂತ ಅವರೇ ತೀರ್ಮಾನಿಸಿಬಿಟ್ಟಿದ್ದರು. ನನಗೆ ಮೊದಲು ಅನುಮಾನ ಬಂದದ್ದು ಮೈಯೊಳಗಿನ ಗಡಿಯಾರದ ಮೇಲೆ.

ಎರಡು ಕಣ್ಣಿನ ನರಗಳು ಮೆದುಳಿನ ಬುಡದಲ್ಲಿ ಅಡ್ಡ ಹಾಯುವ ಜಾಗವೊಂದಿದೆ. ಅದರ ಮೇಲೆಯೇ ನರಕೋಶಗಳ ಎರಡು ಪುಟ್ಟ ಗಂಟುಗಳು ಕೂತಿವೆ. ಆ ಗಡಿಯಾರ ಅಂದರೆ ಇವೇ. ಸುಪ್ರಾಕಯಾಸ್ಮ್ಯಾಟಿಕ್ ನ್ಯೂಕ್ಲಿಯಸ್ ಅಂತ ಉದ್ದದ ಹೆಸರು, ನಾವು ಎಸ್‌ಸಿಎನ್ ಅಂತೀವಿ. ಇಲಿಯ ಮೆದುಳಿನಲ್ಲಿ ಇವು ಹಾಳಾದರೆ ಹಗಲು-ರಾತ್ರಿಯ ಲಯವೇ ಹೋಗುತ್ತದೆ ಎಂದು 1972ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಕಂಡುಕೊಂಡವು.

ಇಲಿ ರಾತ್ರಿ ಓಡಾಡುವ ಪ್ರಾಣಿ, ನಾವು ಹಗಲಿನವರು. ಹಾಗಾದರೆ ಇಲಿಯ ಗಡಿಯಾರ ನಮ್ಮದಕ್ಕೆ ತಿರುಗುಮುರುಗಾಗಿ ಓಡಬೇಕು ಅಲ್ವಾ? ಇಲ್ಲ. ಈ ಗಂಟಿನ ಕೋಶಗಳು ಇಲಿಯಲ್ಲೂ ಮಂಗದಲ್ಲೂ ಚುರುಕಾಗುವುದು ಹಗಲಲ್ಲೇ. ಮೆಲಟೋನಿನ್ ಎಂಬ ಹಾರ್ಮೋನ್ ಇಬ್ಬರಲ್ಲೂ ಏರುವುದು ರಾತ್ರಿಯೇ, ಅಂದರೆ ಇಲಿ ಗಡದ್ದಾಗಿ ಎಚ್ಚರವಿರುವಾಗ. ಮಾತ್ರೆ ಡಬ್ಬಿಯ ಮೇಲೆ 'ನಿದ್ದೆಯ ಹಾರ್ಮೋನ್' ಅಂತ ಓದಿದಾಗಲೆಲ್ಲ ನನಗೆ ಆ ಇಲಿ ನೆನಪಾಗುತ್ತದೆ. ಕತ್ತಲಾಯಿತು ಅಂತ ಡಂಗುರ ಸಾರುವುದಷ್ಟೇ ಅದರ ಕೆಲಸ. ಕೇಳಿಸಿಕೊಂಡವರು ಮಲಗುತ್ತಾರೋ ಬೇಟೆಗೆ ಹೊರಡುತ್ತಾರೋ, ಅದು ಅವರವರ ಮೆದುಳಿಗೆ ಬಿಟ್ಟದ್ದು.

ನಮ್ಮ ಕಥೆಗೆ ಹೆಚ್ಚು ಹತ್ತಿರದ್ದು 1993ರಲ್ಲಿ ಪ್ರಕಟವಾದ ಒಂದು ಪ್ರಯೋಗ. ಸ್ಕ್ವಿರಲ್ ಮಂಕಿ ಎಂಬ ಪುಟ್ಟ ಮಂಗಗಳು ನಮ್ಮಂತೆ ಹಗಲಿಡೀ ಒಂದೇ ಸಮನೆ ಎಚ್ಚರವಿರುತ್ತವೆ. ವಿಜ್ಞಾನಿಗಳು ಅವುಗಳ ಎಸ್‌ಸಿಎನ್ ಹಾಳು ಮಾಡಿದರು. ಗಡಿಯಾರವಿಲ್ಲದ ಇಲಿಯ ನಿದ್ದೆ ಚೂರುಚೂರಾದರೂ ದಿನದ ಒಟ್ಟು ನಿದ್ದೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಈ ಮಂಗಗಳಿಗೆ ಹಾಗಾಗಲಿಲ್ಲ. ದಿನಕ್ಕೆ ಸುಮಾರು 4 ಗಂಟೆ ಜಾಸ್ತಿ ಮಲಗಿದವು! ಒಂದೇ ಸಮನೆ ಎಚ್ಚರವಾಗಿರುವುದು ಅವಕ್ಕೆ ಆಗಲೇ ಇಲ್ಲ. ಅಂದರೆ ಈ ಮಂಗಗಳಲ್ಲಿ ಗಡಿಯಾರ ಮಾಡುತ್ತಿದ್ದದ್ದು ಜೋಗುಳ ಹಾಡುವ ಕೆಲಸವಲ್ಲ, ರಟ್ಟೆ ಹಿಡಿದು ಎಬ್ಬಿಸಿ ಕೂರಿಸುವ ಕೆಲಸ.

ಎದ್ದ ಕ್ಷಣದಿಂದ ನಿದ್ದೆಯ ಭಾರ ಏರುತ್ತಲೇ ಹೋಗುತ್ತದೆ. ಸಂಜೆಗೆ ನಾವು ನೆಲಕ್ಕೆ ಒರಗಬೇಕು. ಒರಗುವುದಿಲ್ಲ, ಯಾಕೆಂದರೆ ಗಡಿಯಾರವೂ ಎದುರಿಂದ ಅಷ್ಟೇ ಜೋರಾಗಿ ತಳ್ಳುತ್ತಿರುತ್ತದೆ. ಮಧ್ಯಾಹ್ನ ಆ ತಳ್ಳು ಕೊಂಚ ಸಡಿಲ, ಅದಕ್ಕೇ ತೂಕಡಿಕೆ. ಆ ತಳ್ಳು ಅತಿ ಜೋರಾಗಿರುವುದು ನಾವು ರೂಢಿಯಲ್ಲಿ ಮಲಗುವ ಸಮಯಕ್ಕೆ ಎರಡು ಮೂರು ಗಂಟೆ ಮುಂಚೆ. ಪೆರೆಟ್ಸ್ ಲವಿ ಎಂಬ ನಿದ್ರಾ ತಜ್ಞರು ಜನರನ್ನು ದಿನವಿಡೀ 7 ನಿಮಿಷ ಮಲಗಿಸಿ, 13 ನಿಮಿಷ ಎಬ್ಬಿಸಿ ನೋಡಿದರು. ಸಂಜೆಯ ಆ ಹೊತ್ತಿನಲ್ಲಿ ನಿದ್ದೆ ಹತ್ತುವುದೇ ಕಷ್ಟವಾಗಿತ್ತು. 1986ರಲ್ಲಿ ಅವರು ಅದಕ್ಕೆ 'ನಿದ್ದೆಗೆ ನಿಷೇಧಿತ ವಲಯ' ಅಂತಲೇ ಹೆಸರಿಟ್ಟರು. ನಮ್ಮ ಪೇಷಂಟ್ 9ಕ್ಕೆ ದೀಪ ಆರಿಸಿ ಹೋಗಿ ಬೀಳುತ್ತಿದ್ದದ್ದು ಸರಿಯಾಗಿ ಅಲ್ಲಿಗೇ.

ಇನ್ನೊಂದು ಎಡವಟ್ಟೂ ಇತ್ತು. 5ಕ್ಕೆ ಎದ್ದವರೇ ಮನೆಯ ಲೈಟುಗಳನ್ನೆಲ್ಲ ಹಾಕಿಕೊಳ್ಳುತ್ತಿದ್ದರು. ಒಳ್ಳೆಯದೇ ಅಲ್ವಾ ಅಂದರು. ಕಣ್ಣಿಗೆ ಬೀಳುವ ಬೆಳಕು ಗಡಿಯಾರವನ್ನು ಯಾವ ಕಡೆ ತಿರುಗಿಸುತ್ತದೆ ಎಂಬುದು ಹೊತ್ತಿನ ಮೇಲಿದೆ. ರೂಢಿಯಲ್ಲಿ ಏಳುವ ಸಮಯಕ್ಕೆ ಎರಡು ಮೂರು ಗಂಟೆ ಮುಂಚೆ ಮೈಯ ಕಾವು ತೀರಾ ಇಳಿದಿರುತ್ತದೆ. ಅದಕ್ಕಿಂತ ಮೊದಲಿನ ಬೆಳಕು ಗಡಿಯಾರವನ್ನು ತಡ ಮಾಡುತ್ತದೆ, ಆಮೇಲಿನ ಬೆಳಕು ಬೇಗ ಮಾಡುತ್ತದೆ. 8ಕ್ಕೆ ಏಳುತ್ತಿದ್ದ ಮೈಗೆ 5 ಗಂಟೆ ಇನ್ನೂ ನಡುರಾತ್ರಿಯ ಲೆಕ್ಕ. ಪಾಪ, ಬೇಗ ಮಾಡಲು ಹೋಗಿ ತಡ ಮಾಡಿಕೊಳ್ಳುತ್ತಿದ್ದರು. ಮೊದಲೇ ಮನುಷ್ಯನ ಗಡಿಯಾರದ ಒಂದು ಸುತ್ತು ಸರಾಸರಿ 24 ಗಂಟೆ 11 ನಿಮಿಷ ಅಂತ 1999ರ ಅಳತೆ ಹೇಳುತ್ತದೆ. ಸುಮ್ನೆ ಬಿಟ್ಟರೂ ಅದು ತಡದ ಕಡೆಗೇ ಜಾರುತ್ತದೆ.

ಮಾತ್ರೆ ಬರೆಯಲಿಲ್ಲ. ಶುರುವಿನ ಕೆಲವು ದಿನ ಬೆಳಗ್ಗೆ 6ರ ತನಕ ಮಂದ ದೀಪ, ಬೆಳಕಾದ ಮೇಲೆ ಅರ್ಧ ಗಂಟೆ ಬಯಲಲ್ಲಿ ನಡಿಗೆ. ಸಂಜೆ ಮನೆಯ ದೀಪ ತಗ್ಗಿಸಿ, ಸದ್ಯಕ್ಕೆ ನಿದ್ದೆ ಹತ್ತುವ ಹನ್ನೊಂದೂವರೆಗೇ ಮಲಗಿ, ಅಲ್ಲಿಂದ ಎರಡು ಮೂರು ದಿನಕ್ಕೊಮ್ಮೆ 15 ನಿಮಿಷ ಬೇಗಕ್ಕೆ ಎಳೆಯಿರಿ ಅಂದೆ. "ಒಂದೇ ಸಲ ಆಗಲ್ವಾ?" ಆಗಲ್ಲ, ಸರಿಯಬೇಕಾದದ್ದು ಮೆದುಳೊಂದೇ ಅಲ್ಲ, ಇಡೀ ಮೈ. 2018ರಲ್ಲಿ ಬಬೂನ್ ಎಂಬ ಮಂಗಗಳ ಮೈಯ 64 ಭಾಗಗಳನ್ನು 2 ಗಂಟೆಗೊಮ್ಮೆ ಪರೀಕ್ಷಿಸಿದಾಗ, ಪ್ರೊಟೀನ್ ತಯಾರಿಸುವ ಜೀನ್‌ಗಳಲ್ಲಿ ಶೇ 80ಕ್ಕೂ ಹೆಚ್ಚಿನವು ಎಲ್ಲೋ ಒಂದು ಕಡೆಯಾದರೂ ದಿನದ ತಾಳಕ್ಕೆ ಏರಿಳಿಯುತ್ತಿದ್ದವು.

ಮೂರು ವಾರ ಬಿಟ್ಟು ಬಂದಾಗ ಹತ್ತೂಕಾಲಿಗೆ ಮಲಗಿದರೆ ಹತ್ತೂವರೆಗೆಲ್ಲ ನಿದ್ದೆ ಹೋಗುತ್ತಿದ್ದರು. "ಮತ್ತೆ 9ಕ್ಕೆ ಮಲಗೋ ಯೋಚನೆ ಇದೆಯಾ?" ಅಂತ ತಮಾಷೆಗೆ ಕೇಳಿದೆ.

"ಬೇಡಪ್ಪಾ. ಆ ಹೊತ್ತಲ್ಲಿ ಈಗ ಬಟ್ಟೆ ಮಡಚಿ ಮುಗಿಸ್ತೀನಿ" ಅಂದರು.