ಡ್ರ್ಯಾಗನ್ ಹೆಸರಿನೊಳಗೆ ಸಾಲ್ಮನ್ ಮೀನು

ಫಿನ್ನಿಶ್ ಭಾಷೆಯಲ್ಲಿ ಡ್ರ್ಯಾಗನ್‌ಗೆ ‘ಲೊಹಿಕ್ಯಾರ್ಮೆ’ ಎನ್ನುತ್ತಾರೆ. ‘ಲೊಹಿ’ ಅಂದರೆ ಸಾಲ್ಮನ್ ಮೀನು, ‘ಕ್ಯಾರ್ಮೆ’ ಅಂದರೆ ಹಾವು. ಬೆಂಕಿಯುಗುಳುತ್ತ ಹಾರುವ ಪ್ರಾಣಿಗೂ ಹೊಳೆಯ ಮೀನಿಗೂ ಎಲ್ಲಿಯ ನಂಟು? ಇಬ್ಬರಿಗೂ ಮೈತುಂಬ ಹುರುಪೆಯಿದೆ, ಅದಕ್ಕೇ ಈ ಹೆಸರು ಎಂದು ಊಹಿಸಿಬಿಡಬಹುದು. ಆದರೆ ಪದ ಹುಟ್ಟಿದಾಗ ಅದರಲ್ಲಿ ಮೀನೇ ಇರಲಿಲ್ಲ.

ಇದರ ಬೇರು ಸ್ವೀಡಿಶ್‌ನಲ್ಲಿದೆ. 1809ರಲ್ಲಿ ರಷ್ಯಾದ ಪಾಲಾಗುವವರೆಗೆ ಫಿನ್ಲೆಂಡ್ ಶತಮಾನಗಳ ಕಾಲ ಸ್ವೀಡನ್ ಆಳ್ವಿಕೆಯಲ್ಲಿತ್ತು. ಚರ್ಚು, ಕೋರ್ಟು, ವ್ಯಾಪಾರದ ಜೊತೆಗೆ ಪದಗಳೂ ಬಂದವು. ಹಾಗೆ ಬಂದದ್ದು ಹಳೆಯ ಸ್ವೀಡಿಶ್‌ನ ‘ಫ್ಲೊಘ್‌ದ್ರಾಕಿ’, ಅಂದರೆ ಹಾರುವ ಡ್ರ್ಯಾಗನ್.

ಹಳೆಯ ಫಿನ್ನಿಶ್‌ನಲ್ಲಿ ಪದದ ಮೊದಲಿಗೆ ಒತ್ತಕ್ಷರ ನಿಲ್ಲುತ್ತಿರಲಿಲ್ಲ. ನಮ್ಮ ಆಡುಮಾತು ‘ಸ್ಕೂಲಿ’ನ ಮುಂದೆ ಸ್ವರ ಸೇರಿಸಿ ‘ಇಸ್ಕೂಲು’ ಮಾಡಿಕೊಂಡರೆ, ಫಿನ್ನಿಶ್ ಮೊದಲ ವ್ಯಂಜನವನ್ನೇ ಬಿಟ್ಟುಬಿಟ್ಟಿತು. ಸ್ವೀಡಿಶ್‌ನ ‘ಸ್ಕೂಲಾ’ ಅಲ್ಲಿ ‘ಕೋವ್ಲು’ ಆಯಿತು, ಗಾಜಿನ ‘ಗ್ಲಾಸ್’ ‘ಲಾಸಿ’ ಆಯಿತು, ಸ್ಟಾಕ್‌ಹೋಮ್ ನಗರ ‘ತುಕ್‌ಹೊಲ್ಮಾ’ ಆಯಿತು. ‘ಫ್ಲೊಘ್’ನಲ್ಲೂ ಹಾಗೇ ‘ಫ’ಕಾರ ಬಿತ್ತು; ಕೊನೆಯಲ್ಲಿ ಗಂಟಲಿನಿಂದ ಉಜ್ಜಿ ಬರುವ ಧ್ವನಿಗೆ ಹತ್ತಿರವಾಗಿದ್ದದ್ದು ‘ಹ’ಕಾರ. ಉಳಿದದ್ದು ‘ಲೊಹ್’. ಹೊಳೆಗಳಲ್ಲಿ ಸಾಲ್ಮನ್ ಹಿಡಿದು ಬದುಕಿದ ಜನರ ಕಿವಿಗೆ ಅದು ‘ಲೊಹಿ’ ಎಂದೇ ಕೇಳಿಸಿತು. ಅರ್ಥ ತಿಳಿಯದ ಪರಭಾಷೆಯ ಸದ್ದಿನ ಜಾಗದಲ್ಲಿ ತಿಳಿದ ಪದ ಬಂದು ಕೂತಿತು.

ವಿಶೇಷವೆಂದರೆ ಆ ‘ಲೊಹಿ’ಯೂ ಮೂಲತಃ ಫಿನ್ನಿಶ್ ಅಲ್ಲ. ಅದು ಇನ್ನೂ ಹಿಂದೆ ಬಾಲ್ಟಿಕ್ ಭಾಷೆಗಳಿಂದ ಬಂದದ್ದು. ಲ್ಯಾಟ್ವಿಯನ್ನರು ಸಾಲ್ಮನ್‌ಗೆ ಇಂದಿಗೂ ‘ಲಸಿಸ್’ ಎನ್ನುತ್ತಾರೆ.

ಪದದ ಉತ್ತರಾರ್ಧದ ಕಥೆ ಸರಳ. ‘ದ್ರಾಕಿ’ಯನ್ನು ಸದ್ದಿನಿಂದಲ್ಲ, ಅರ್ಥದಿಂದ ತಂದುಕೊಂಡು ‘ಹಾವು’ ಎಂದರು. ಡ್ರ್ಯಾಗನ್ ಪದದ ಗ್ರೀಕ್ ಮೂಲಕ್ಕೂ ದೊಡ್ಡ ಸರ್ಪವೆಂಬ ಅರ್ಥವಿತ್ತು, ಹಾಗಾಗಿ ಅದು ತಪ್ಪು ಅನುವಾದವೇನಲ್ಲ. ಅರ್ಧ ಸದ್ದು, ಅರ್ಧ ಅರ್ಥ ಸೇರಿ ಆದ ಈ ಸಮಾಸ ನನಗೆ ಬಹಳ ಇಷ್ಟ.

ಫಿನ್ನಿಶ್‌ನ ಬೇರೆ ಪ್ರಾಣಿಗಳ ಹೆಸರುಗಳು ಇಷ್ಟು ಸುತ್ತಿಸುವುದಿಲ್ಲ. ಆಮೆ ‘ಕಿಲ್ಪಿಕೊನ್ನಾ’, ಅಂದರೆ ಗುರಾಣಿಯ ಕಪ್ಪೆ; ಸ್ವೀಡಿಶ್‌ನಲ್ಲೂ ಅದೇ ಜೋಡಣೆ. ನೀರಾನೆ ‘ವಿರ್ತಾಹೆಪೊ’, ಅಂದರೆ ಹೊಳೆಯ ಕುದುರೆ. ಇದು ಗ್ರೀಕ್ ಹೆಸರಿನದೇ ಅನುವಾದ. ಇವನ್ನು ಬಿಡಿಸಿದರೆ ಅರ್ಥ ಸಿಗುತ್ತದೆ. ಅದೇ ನಂಬಿಕೆಯಿಂದ ಲೊಹಿಕ್ಯಾರ್ಮೆಯನ್ನು ಬಿಡಿಸಿದರೆ ಮಾತ್ರ ದಾರಿ ತಪ್ಪುತ್ತದೆ. ಯಾವುದೇ ಜೋಡುಪದದಲ್ಲಿ ಇಂದಿನ ಅರ್ಥಕ್ಕಿಂತ ಮೊದಲು ಹಳೆಯ ಉಚ್ಚಾರಣೆಯನ್ನು ಹುಡುಕಬೇಕೆನ್ನುವುದು ಇದಕ್ಕೇ.

1938ರ ಫಿನ್ನಿಶ್ ಹೊಸ ಒಡಂಬಡಿಕೆಯಲ್ಲಿ ಏಳು ತಲೆ, ಹತ್ತು ಕೊಂಬಿನ ಕೆಂಪು ಡ್ರ್ಯಾಗನ್‌ಗೂ ಇದೇ ಹೆಸರು. ಈಗ ಅಂಗಡಿಯಲ್ಲಿ ಸಿಗುವ ಡ್ರ್ಯಾಗನ್ ಹಣ್ಣೂ ಅಲ್ಲಿ ‘ಲೊಹಿಕ್ಯಾರ್ಮೆಹೆದೆಲ್ಮ್ಯಾ’.