ಕೋನ್ ಒಂದೇ ಮಗ್ಗುಲಲ್ಲಿ ಯಾಕೆ ಸವೆಯುತ್ತದೆ?

ಸೈಕಲ್ಲಿನ ಹಿಂದಿನ ಹಬ್, ಅಂದರೆ ಚಕ್ರದ ನಡುವಿನ ಗುಂಭ, ಬಿಚ್ಚಿದಾಗಲೆಲ್ಲ ನಾನು ಮೊದಲು ನೋಡುವುದು ಕೋನ್‌ಗಳನ್ನು, ಅಂದರೆ ಆಕ್ಸೆಲ್ಲಿನ (ನಡುವಿನ ಅಚ್ಚಿನ) ಎರಡೂ ಬದಿಗೆ ತಿರುಪಿ ಕೂರಿಸಿದ, ಬಾಲ್ಸ್ ಓಡುವ ತುಂಡುಗಳನ್ನು. ಮೊನ್ನೆಯೂ ಅಷ್ಟೇ. ಕಪ್ಪಾಗಿದ್ದ ಗ್ರೀಸ್ ಒರೆಸಿ, ಚೈನ್ ಬದಿಯ ಕೋನನ್ನು ಬೆಳಕಿಗೆ ಹಿಡಿದೆ. ಬಾಲ್ಸ್ ಓಡುವ ದಾರಿ ಮುಕ್ಕಾಲು ಸುತ್ತು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಉಳಿದ ಕಾಲು ಸುತ್ತಿನಲ್ಲಿ ಮಾತ್ರ ಸಿಡುಬಿನ ಕಲೆಯಂಥ ಗುಳಿಗಳು. ಪೆನ್ನಿನ ತುದಿ ಆಡಿಸಿದರೆ ಅಲ್ಲಿ ಟಕ್ ಅಂತ ಸಿಕ್ಕಿಕೊಳ್ಳುತ್ತದೆ. ಎದುರಿಗೆ, ಹಬ್ಬಿನೊಳಗೆ ಬಟ್ಟಲಿನಂತಿರುವ ಕಪ್‌ನಲ್ಲಿ ಒಂದು ಗೀರೂ ಇಲ್ಲ. ಅದೇ ಬಾಲ್ಸ್, ಅದೇ ಗ್ರೀಸ್, ಅದೇ ಭಾರ. ಮತ್ತೆ ಒಂದಕ್ಕೆ ಮಾತ್ರ ಯಾಕೆ ಈ ಗತಿ?

ಕಪ್ ಹಬ್ಬಿನ ಜೊತೆ ತಿರುಗುತ್ತದೆ, ಕೋನ್ ತಿರುಗುವುದಿಲ್ಲ. ಗುಟ್ಟು ಇರುವುದು ಅಲ್ಲೇ. ನಮ್ಮ ಭಾರ ಫ್ರೇಮಿನಿಂದ ಆಕ್ಸೆಲ್ಲಿಗೆ ಇಳಿದು, ಕೋನ್‌ನ ಕೆಳಭಾಗದಿಂದ ಬಾಲ್ಸ್ ಮೇಲೆ ಕೂರುತ್ತದೆ. ಯಾವಾಗಲೂ ಆ ಕೆಳಭಾಗವೇ. ಪೆಡಲ್ ತುಳಿದಾಗ ಚೈನ್ ಹಬ್ಬನ್ನು ಮುಂದಕ್ಕೆ ಎಳೆಯುವುದರಿಂದ ಒತ್ತಡ ಸ್ವಲ್ಪ ಹಿಂಬದಿಗೂ ಸರಿಯುತ್ತದೆ, ಅಷ್ಟೇ. ಪಲ್ಲಕ್ಕಿ ಹೊರುವವರು ಆಗಾಗ ಹೆಗಲು ಬದಲಾಯಿಸುತ್ತಾರಲ್ಲ, ಕಪ್ ಮಾಡುವುದು ಅದನ್ನೇ. ಕೋನ್‌ಗೆ ಹೆಗಲು ಬದಲಾಯಿಸುವ ಅವಕಾಶವೇ ಇಲ್ಲ. ಹಳೇ ಕಲ್ಲಿನ ಮೆಟ್ಟಿಲು ಪಾದ ಬೀಳುವ ಜಾಗದಲ್ಲೇ ಸವೆದಿರುತ್ತದೆ. ಇದೂ ಹಾಗೇ.

ಆಕಾರದ ತೊಂದರೆಯೂ ಇದೆ. ಕಪ್‌ನಲ್ಲಿ ಬಾಲ್ ಅಂಗೈಯೊಳಗೆ ಗೋಲಿ ಇಟ್ಟಂತೆ ಕೂರುತ್ತದೆ. ಕೋನ್ ಮೇಲೆ ಉಬ್ಬಿಗೆ ಉಬ್ಬು, ಹಣೆಗೆ ಹಣೆ ತಾಗಿದ ಹಾಗೆ. ತಾಗುವ ಜಾಗ ಸಾಸಿವೆ ಕಾಳಿಗಿಂತ ಚಿಕ್ಕದು. ಹಿಂದಿನ ಹಬ್ಬಿನಲ್ಲಿ ಸಾಮಾನ್ಯವಾಗಿ ಒಂದೊಂದು ಬದಿಗೆ ಕಾಲು ಇಂಚಿನ 9 ಬಾಲ್ಸ್ ಇರುತ್ತವೆ. ಒಂಬತ್ತೂ ಸಮನಾಗಿ ಹೊರುತ್ತವೆ ಅಂದುಕೊಳ್ಳಬೇಡಿ. ಮೇಲಿನವು ಆ ಹೊತ್ತಿಗೆ ಸುಮ್ನೆ ಜೊತೆಗೆ ಓಡುತ್ತಿರುತ್ತವೆ. 1901ರಲ್ಲಿ ಜರ್ಮನಿಯ ಎಂಜಿನಿಯರ್ ರಿಚರ್ಡ್ ಸ್ಟ್ರೈಬೆಕ್ ಹಾಕಿಕೊಟ್ಟ ಲೆಕ್ಕದ ಪ್ರಕಾರ, 9 ಬಾಲ್ಸ್ ಇದ್ದರೆ ತೀರಾ ಕೆಳಗಿರುವ ಒಂದೇ ಬಾಲ್ ಆ ಬದಿಯ ಹೆಚ್ಚುಕಡಿಮೆ ಅರ್ಧ ಭಾರ ಹೊರುತ್ತದೆ!

ಇದು ಗೊತ್ತಾದರೆ "ಇನ್ನೊಂಚೂರು ಬಿಗಿ ಮಾಡು, ಗಟ್ಟಿ ಇರಲಿ" ಅನ್ನುವ ಮಾತು ಎಷ್ಟು ತಪ್ಪು ಅಂತ ತಿಳಿಯುತ್ತದೆ. ಕೋನ್ ಜಾಸ್ತಿ ಬಿಗಿಯಾದರೆ ಯಾರೂ ಹತ್ತದಿದ್ದರೂ ಬಾಲ್ಸ್ ನುಜ್ಜಾಗುತ್ತಿರುತ್ತವೆ. ಸವಾರನ ಭಾರ ಅದರ ಮೇಲೆ ಇನ್ನೊಂದು ಹೊರೆ. ತೀರಾ ಸಡಿಲ ಬಿಟ್ಟರೂ ಕೆಟ್ಟದ್ದೇ. ಆಗ ಭಾರ ಒಂದೆರಡು ಬಾಲ್ಸ್ ಮೇಲೆ ಬಿದ್ದು, ಪ್ರತಿ ಗುಂಡಿಯಲ್ಲೂ ಸುತ್ತಿಗೆ ಪೆಟ್ಟು. ಹೊರಗಿನಿಂದ ತೆಳು ಎಣ್ಣೆ ಬಿಡುವ ಅಭ್ಯಾಸ ಕಂಡರೆ ನನಗೆ ಇನ್ನೂ ಸಂಕಟ. ಅದು ಒಳಗಿನ ಗ್ರೀಸನ್ನು ತೊಳೆದು, ಧೂಳನ್ನು ಒಳಕ್ಕೆ ಕರೆದೊಯ್ಯುತ್ತದೆ.

ಈ ಬಾಲ್ಸ್‌ಗೂ ಸೈಕಲ್ಲಿಗೂ ಹಳೇ ನಂಟು. ಪ್ಯಾರಿಸ್ಸಿನ ಸೈಕಲ್ ಮೆಕ್ಯಾನಿಕ್ ಜೂಲ್ಸ್ ಸುರಿರೇ 1869ರಲ್ಲಿ ಬಾಲ್ ಬೇರಿಂಗಿಗೆ ಪೇಟೆಂಟ್ ಪಡೆದರು. ಅದೇ ನವೆಂಬರಿನಲ್ಲಿ ಜೇಮ್ಸ್ ಮೂರ್ ಅಂಥ ಬೇರಿಂಗ್ ಇದ್ದ ಸೈಕಲ್ ಏರಿ ಪ್ಯಾರಿಸ್-ರುವಾನ್ ರೇಸ್ ಗೆದ್ದರು. ಆದರೆ ಎಲ್ಲ ಬಾಲ್ಸ್ ಒಂದೇ ಅಳತೆಯಲ್ಲಿ ಮಾಡುವುದು ಬಹಳ ಕಷ್ಟವಿತ್ತು. ಅದಕ್ಕೆ ದಾರಿ ತೆರೆದದ್ದು ಜರ್ಮನಿಯ ಷ್ವೈನ್‌ಫುರ್ಟ್ ಊರಿನ ಫ್ರೀಡ್ರಿಕ್ ಫಿಶರ್, 1883ರಲ್ಲಿ, ಬಾಲ್ಸ್ ಅರೆಯುವ ಯಂತ್ರದಿಂದ. ಹಳೇ ಬಾಲ್ಸ್ ಜೊತೆ ಒಂದೆರಡು ಹೊಸದು ಬೆರೆಸಬಾರದು ಅನ್ನುವುದು ಇದಕ್ಕೇ. ಕೂದಲಿನ ದಪ್ಪಕ್ಕಿಂತ ಕಡಿಮೆ ವ್ಯತ್ಯಾಸವಿದ್ದರೂ ದೊಡ್ಡ ಬಾಲ್ ಕೆಳಗೆ ಬಂದಾಗಲೆಲ್ಲ ಅಕ್ಕಪಕ್ಕದವುಗಳ ಪಾಲನ್ನೂ ಅದೇ ಹೊರಬೇಕಾಗುತ್ತದೆ. ಹಾಕಿದರೆ ಪೂರಾ ಹೊಸ ಸೆಟ್. ಗುಳಿ ಬಿದ್ದ ಕೋನ್ ಕೂಡ ಹೊಸದೇ.

ಬಿಚ್ಚುವುದು, ತೊಳೆಯುವುದು, ಗ್ರೀಸ್ ತುಂಬುವುದು ಸುಲಭ. ಕೈ ಪಳಗಬೇಕಾದ್ದು ಕೊನೆಯ ಬಿಗಿತದಲ್ಲಿ. ಕೋನ್ ಸರಿಯಾಗಿ ಕೂರಿಸಿ, ಅದನ್ನು ಅಲ್ಲೇ ಹಿಡಿದಿಡುವ ಲಾಕ್‌ನಟ್ ಬಿಗಿದರೆ, ಸರಿಯಿದ್ದದ್ದು ಮತ್ತೆ ಟೈಟ್ ಆಗಿರುತ್ತದೆ. ಆಕ್ಸೆಲ್ಲಿನ ತಿರುಪಿನ ಮರೆಯ (ಥ್ರೆಡ್) ಮೇಲೆ ಕೂತ ಕೋನ್‌ಗೆ ಕೂದಲೆಳೆಯಷ್ಟು ಸಡಿಲ ಇದ್ದೇ ಇರುತ್ತದೆ. ಲಾಕ್‌ನಟ್ ಒತ್ತಿದಾಗ ಕೋನ್ ಆ ಸಡಿಲದಷ್ಟು ಒಳಕ್ಕೆ ಸರಿಯುತ್ತದೆ. ಹಾಗಾಗಿ ಮೊದಲೇ ಸ್ವಲ್ಪ ಆಟ (ಅಲುಗಾಡುವಷ್ಟು ಸಡಿಲ) ಬಿಟ್ಟು, ತೆಳು ಸ್ಪ್ಯಾನರಿನಿಂದ ಕೋನ್ ಅಲುಗದಂತೆ ಹಿಡಿದು ಲಾಕ್‌ನಟ್ ಬಿಗಿಯಬೇಕು. ನಟ್ ಬದಲು ಲಿವರಿನಿಂದ ಚಕ್ರ ಬಿಗಿಯುವ ಕ್ವಿಕ್ ರಿಲೀಸ್ ಇದ್ದರೆ ಆಮೇಲೂ ತುಸು ಆಟ ಉಳಿದಿರಬೇಕು. ಅದರ ಲಿವರ್ ಒತ್ತಿದಾಗ ಟೊಳ್ಳು ಆಕ್ಸೆಲ್ ಕಣ್ಣಿಗೆ ಕಾಣದಷ್ಟು ಕುಗ್ಗಿ, ಆ ಆಟವನ್ನು ನುಂಗುತ್ತದೆ. ಎರಡು ಮೂರು ಸಲ ಬಿಚ್ಚಿ ಬಿಗಿಯಬೇಕಾದೀತು, ಬೇಸರ ಬೇಡ.

ಚಕ್ರವನ್ನು ಫ್ರೇಮಿಗೆ ಹಾಕಿ, ಪೂರ್ತಿ ಬಿಗಿದು, ರಿಮ್ ಹಿಡಿದು ಎಡಕ್ಕೂ ಬಲಕ್ಕೂ ಅಲುಗಾಡಿಸಿ. ಟಕಟಕ ಅನ್ನಬಾರದು. ಆಮೇಲೆ ಚೈನನ್ನು ಹಲ್ಲುಚಕ್ರದಿಂದ ಇಳಿಸಿ, ಹಿಂದಿನ ಚಕ್ರವನ್ನು ನೆಲದಿಂದ ಎತ್ತಿ, ವಾಲ್ವ್ ಒಂದು ಪಕ್ಕಕ್ಕೆ ಬರುವಂತೆ ನಿಲ್ಲಿಸಿ ಕೈ ಬಿಡಿ. ಹೆಚ್ಚಾಗಿ ವಾಲ್ವಿನ ಬದಿಯೇ ತುಸು ಭಾರ. ಅದು ಮೆಲ್ಲಗೆ ಕೆಳಗಿಳಿದು, ದಾಟಿ ಆ ಕಡೆ ಏರಿ, ವಾಪಸ್ ಬಂದು, ತೊಟ್ಟಿಲು ತೂಗಿದ ಹಾಗೆ ಆಡುತ್ತಾ ಕೊನೆಗೆ ಕೆಳಗೇ ಬಂದು ನಿಲ್ಲುತ್ತದೆ. ಮೊನ್ನೆ ಹೊಸ ಕೋನ್ ಹಾಕಿದ ಮೇಲೆ ನನ್ನ ಚಕ್ರ ಆರು ಸಲ ತೂಗಿತು.