ಪ್ರೊಪೆಲ್ಲರ್ ತಗುಲಿ ಗಾಯವಾದರೆ ಹೊಣೆ ಯಾರದು?

ಪ್ರಶ್ನೆ: ಗೆಳೆಯರ ಮೋಟಾರ್ ಬೋಟಿನಲ್ಲಿ ಹೋಗಿದ್ದೆವು. ಒಬ್ಬರು ಈಜಲು ನೀರಿಗಿಳಿದರು. ಅವರನ್ನು ಹತ್ತಿಸಿಕೊಳ್ಳಲು ಬೋಟನ್ನು ರಿವರ್ಸ್ ತೆಗೆದಾಗ ಪ್ರೊಪೆಲ್ಲರ್ ಕಾಲಿಗೆ ತಗುಲಿತು. ಓಡಿಸುತ್ತಿದ್ದವರು ‘ಅವರೇ ಹತ್ತಿರ ಬಂದುಬಿಟ್ಟರು’ ಅನ್ನುತ್ತಾರೆ. ಬೋಟಿನ ಮಾಲೀಕರು ಬೇರೊಬ್ಬ ಗೆಳೆಯರು, ಓಡಿಸುತ್ತಿದ್ದವರಲ್ಲ. ಇಂಥದ್ದರಲ್ಲಿ ಹೊಣೆ ಯಾರು ಹೊರಬೇಕು?

ಉತ್ತರ: ಮೊದಲು ನೋಡುವುದು ಸ್ಟೀರಿಂಗ್ ಹಿಡಿದವರನ್ನೇ. ಹಿಂದೆ ಜನ ಇದ್ದಾರೆ ಎಂದು ಗೊತ್ತಿದ್ದೂ ರಿವರ್ಸ್ ಹಾಕಿದ್ದಕ್ಕೆ ಸಮರ್ಥನೆ ಕೊಡುವುದು ಬಹಳ ಕಷ್ಟ. ಆದರೆ ಹೊಣೆ ಪೂರ್ತಿ ಒಬ್ಬರ ತಲೆಗೇ ಬರುತ್ತದೆ ಅಂತಲೂ ಇಲ್ಲ. ಅದನ್ನು ಪಾಲು ಹಾಕಬಹುದು, ಆ ಪಾಲು ಕೆಲವೊಮ್ಮೆ ಯಾರೂ ಎಣಿಸದ ಕಡೆಗೆ ಹೋಗುತ್ತದೆ.

ನಿಮ್ಮ ಪ್ರಶ್ನೆಗೆ ತೀರಾ ಹತ್ತಿರದ ಒಂದು ಕೇಸು ಅಮೆರಿಕದ ಟೆಕ್ಸಾಸ್‌ನಲ್ಲಿ ನಡೆದಿತ್ತು. 2005ರಲ್ಲಿ ಆಸ್ಟಿನ್ ಕೆರೆಯಲ್ಲಿ ಒಬ್ಬ ಹುಡುಗ ಹಗ್ಗ ತೆಗೆದುಕೊಳ್ಳಲು ಬೋಟಿನಿಂದ ನೀರಿಗೆ ಹಾರಿದ. ಅದೇ ಹೊತ್ತಿಗೆ ಗೆಳೆಯ ಬೋಟನ್ನು ರಿವರ್ಸ್ ತೆಗೆದ. ಹುಡುಗ ಕಾಲು ಕಳೆದುಕೊಂಡ. 2010ರಲ್ಲಿ ಜ್ಯೂರಿ ತೀರ್ಪು ಕೊಟ್ಟಾಗ ಎಂಜಿನ್ ಮಾಡಿದ ಕಂಪನಿಯ ಪಾಲು ಶೇ 66, ಓಡಿಸಿದ ಗೆಳೆಯನದು ಶೇ 17, ಗಾಯಗೊಂಡವನದೂ ಶೇ 17. ನಷ್ಟ 38 ಲಕ್ಷ ಡಾಲರ್ ಎಂದು ಲೆಕ್ಕ ಹಾಕಿದ್ದರು. ಪ್ರೊಪೆಲ್ಲರ್‌ಗೆ ಗಾರ್ಡ್, ಅಂದರೆ ಮೈಗೆ ರೆಕ್ಕೆ ತಗುಲದಂತೆ ಸುತ್ತ ಹಾಕುವ ಪಂಜರ, ಇರಲಿಲ್ಲ ಅನ್ನುವುದೇ ಕಂಪನಿಯ ಮೇಲಿದ್ದ ಮುಖ್ಯ ಆರೋಪ.

ಎಲ್ಲ ಕೇಸುಗಳೂ ಹೀಗೇ ಮುಗಿಯುವುದಿಲ್ಲ. ಇಂಥ ವಾದಗಳಲ್ಲಿ ಕಂಪನಿಗಳು ಗೆದ್ದದ್ದೂ ಇದೆ. ಆದರೂ ಇಲ್ಲಿ ಗಮನಿಸಬೇಕಾದ್ದು ಇಷ್ಟು: ‘ಅವರೇ ಹತ್ತಿರ ಬಂದರು’ ಅನ್ನುವ ಮಾತು ನಿಜವಾಗಿದ್ದರೂ ಅದರಿಂದ ಗಾಯಗೊಂಡವರ ಪರಿಹಾರ ಸ್ವಲ್ಪ ಕಡಿಮೆಯಾಗಬಹುದು, ಅಷ್ಟೇ. ಹೊಣೆಯನ್ನು ಪಾಲು ಹಾಕುವ ಕಾನೂನು ಇರುವ ಕಡೆ, ಅದೊಂದೇ ಮಾತಿನಿಂದ ಓಡಿಸಿದವರು ಕೈತೊಳೆದುಕೊಳ್ಳಲು ಆಗುವುದಿಲ್ಲ.

ಕಂಪನಿಯನ್ನು ಕೋರ್ಟಿಗೆ ಎಳೆಯಬಹುದೇ ಅನ್ನುವುದೇ ಬಹಳ ಕಾಲ ಜಗಳದ ವಿಷಯವಾಗಿತ್ತು. ಗಾರ್ಡ್ ಕಡ್ಡಾಯ ಮಾಡುವುದು ಬೇಡ ಎಂದು ಬೋಟುಗಳ ಸುರಕ್ಷತಾ ನಿಯಮ ಮಾಡುವ ಅಮೆರಿಕದ ಕರಾವಳಿ ಕಾವಲು ಪಡೆ (ಕೋಸ್ಟ್ ಗಾರ್ಡ್) 1990ರಲ್ಲಿ ತೀರ್ಮಾನಿಸಿತ್ತು. ಸರ್ಕಾರವೇ ಕೇಳದ್ದನ್ನು ನಾವು ಹಾಕಲಿಲ್ಲ ಎಂದು ಕೇಸು ಹಾಕುವುದು ಹೇಗೆ ಎಂಬುದು ತಯಾರಕರ ವಾದ. 2002ರ ಡಿಸೆಂಬರ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಒಮ್ಮತದಿಂದ ಆ ವಾದವನ್ನು ತಳ್ಳಿಹಾಕಿತು. ಒಂದು ನಿಯಮ ಮಾಡದೆ ಬಿಟ್ಟ ಮಾತ್ರಕ್ಕೆ ಜನರ ದಾವೆ ಹೂಡುವ ಹಕ್ಕು ಹೋಗುವುದಿಲ್ಲ ಎಂದಿತು. ನನಗೆ ಇದು ಸರಿಯಾದ ತೀರ್ಪು ಅನ್ನಿಸುತ್ತದೆ.

ಹಾಗಂತ ಗಾರ್ಡ್ ಹಾಕಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಅಂದುಕೊಳ್ಳಬೇಡಿ. ನಿಧಾನ ಹೋಗುವ ಬಾಡಿಗೆ ಬೋಟು, ಈಜುವವರ ನಡುವೆ ಓಡಾಡುವ ರಕ್ಷಣಾ ಬೋಟುಗಳಿಗೆ ಅದರಿಂದ ನಿಜವಾದ ಉಪಯೋಗ ಇದೆ. ವೇಗ ಜಾಸ್ತಿಯಾದಂತೆ ಗಾರ್ಡೇ ನೀರನ್ನು ತಡೆಯುತ್ತದೆ, ಬೋಟಿನ ಹಿಡಿತ ಬದಲಾಗುತ್ತದೆ. ಜೋರಾಗಿ ಬರುವ ಬೋಟಿನ ಗಾರ್ಡು ತಲೆಗೆ ಬಡಿದರೆ ಅದೇ ಸಾಕು. ಕೈಕಾಲು ಒಳಗೆ ಸಿಕ್ಕಿಕೊಳ್ಳುವ ಭಯವೂ ಇದೆ.

ಮಾಲೀಕರ ವಿಷಯ. ಬೋಟು ಅವರದು ಅಂದ ಮಾತ್ರಕ್ಕೆ ಎಲ್ಲ ಕಡೆಯೂ ಹೊಣೆ ಬರುವುದಿಲ್ಲ. ಅನುಭವ ಇಲ್ಲದವರ ಕೈಗೆ ಕೊಟ್ಟಿದ್ದರೆ, ಕುಡಿದವರಿಗೆ ಕೀ ಕೊಟ್ಟಿದ್ದರೆ, ಗೇರ್ ಕೆಟ್ಟಿರುವುದು ಗೊತ್ತಿದ್ದೂ ಸುಮ್ನೆ ಬಿಟ್ಟಿದ್ದರೆ ಬರುತ್ತದೆ. ಅಮೆರಿಕದಲ್ಲಿ 1851ರ ಒಂದು ಹಳೇ ಕಾನೂನು ಇದೆ. ಅಪಘಾತವಾದ ಮೇಲೆ ಹಡಗಿಗೆ ಎಷ್ಟು ಬೆಲೆ ಉಳಿದಿದೆಯೋ ಅಷ್ಟಕ್ಕೇ ತನ್ನ ಹೊಣೆ ಎಂದು ಮಾಲೀಕ ಕೇಳಿಕೊಳ್ಳಬಹುದು. ಹಡಗು ವ್ಯಾಪಾರಕ್ಕೆಂದು ಮಾಡಿದ ಈ ಕಾನೂನನ್ನು ಮೋಜಿನ ಬೋಟುಗಳ ಮಾಲೀಕರೂ ಬಳಸಿದ್ದಾರೆ. ಕಾಲು ಹೋದವರಿಗೆ ಹಳೇ ಬೋಟಿನ ಬೆಲೆ ಕೊಟ್ಟು ಮುಗಿಸುವುದು ಎಂಥ ನ್ಯಾಯ, ಅಲ್ವಾ? ಆದರೆ ತಪ್ಪು ಮಾಲೀಕನ ಅರಿವಿನಲ್ಲೇ ನಡೆದಿದ್ದರೆ ಈ ರಕ್ಷಣೆ ಸಿಗುವುದಿಲ್ಲ.

ಬಾಡಿಗೆ ಬೋಟಾದರೆ ‘ಏನಾದರೂ ಆದರೆ ನಾವು ಹೊಣೆಯಲ್ಲ’ ಎಂಬ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಸಹಿ ಹಾಕಿದ್ದೇವೆ ಎಂದು ಸುಮ್ಮನಾಗಬೇಡಿ. ಘೋರ ನಿರ್ಲಕ್ಷ್ಯವನ್ನು ಮುಚ್ಚಿಹಾಕಲು ಅಂಥ ಕಾಗದವನ್ನು ಅನೇಕ ಕೋರ್ಟುಗಳು ಒಪ್ಪುವುದಿಲ್ಲ.

ಈಗ ಬೋಟಿನ ಹಿಂಭಾಗಕ್ಕೆ ಬನ್ನಿ. ನೀರಿನಿಂದ ಹತ್ತುವ ಏಣಿ ಬಹಳಷ್ಟು ಬೋಟುಗಳಲ್ಲಿ ಇರುವುದು ಅಲ್ಲೇ, ಪ್ರೊಪೆಲ್ಲರ್ ಪಕ್ಕದಲ್ಲೇ. ಹತ್ತುವವರ ಕಾಲು ಮೊದಲ ಮೆಟ್ಟಿಲು ಹುಡುಕುತ್ತಾ ಬೋಟಿನ ಅಡಿಗೆ ಹೋಗುತ್ತದೆ. ‘ನ್ಯೂಟ್ರಲ್‌ನಲ್ಲಿದೆ, ಬನ್ನಿ’ ಅನ್ನುವುದು ಈ ಹೊತ್ತಿನಲ್ಲೇ. ನ್ಯೂಟ್ರಲ್‌ಗೆ ಹಾಕಿದ ಮೇಲೂ ರೆಕ್ಕೆಗಳು ಸ್ವಲ್ಪ ಹೊತ್ತು ಸುತ್ತುತ್ತಿರಬಹುದು. ಯಾರದೋ ಮೊಣಕೈ ತಾಗಿ ಗೇರ್ ಬೀಳಬಹುದು. ಮೂರು ರೆಕ್ಕೆಯ ಪ್ರೊಪೆಲ್ಲರ್ ನಿಮಿಷಕ್ಕೆ 3,200 ಸುತ್ತು ತಿರುಗಿದರೆ ಸೆಕೆಂಡಿಗೆ 160 ಏಟು. ಕಾಲು ಹಿಂದಕ್ಕೆ ಎಳೆದುಕೊಳ್ಳಲು ಸಮಯವೇ ಇರುವುದಿಲ್ಲ. ಅದಕ್ಕೇ ಎಂಜಿನ್ ಪೂರ್ತಿ ಆಫ್, ಕೀ ಕೈಯಲ್ಲಿ, ಆಮೇಲೆ ಏಣಿ. ರಿವರ್ಸ್‌ನಲ್ಲಿ ಯಾರ ಹತ್ತಿರವೂ ಹೋಗಬೇಡಿ. ಸುತ್ತು ಹಾಕಿ ಮುಂದಿನಿಂದ, ಕಣ್ಣಿಗೆ ಕಾಣುವ ಕಡೆಯಿಂದ ನಿಧಾನವಾಗಿ ಬನ್ನಿ.

ಮುಂದಿನ ತುದಿಯಲ್ಲಿ ಕಾಲು ಇಳಿಬಿಟ್ಟು ಕೂರುವುದೂ ಅಷ್ಟೇ ಅಪಾಯ. ಗಂಟೆಗೆ 30 ಕಿ.ಮೀ. ವೇಗದಲ್ಲಿ ಬೋಟು ಸೆಕೆಂಡಿಗೆ ಎಂಟು ಮೀಟರಿಗಿಂತ ಜಾಸ್ತಿ ಹೋಗುತ್ತದೆ. ಆರು ಮೀಟರ್ ಉದ್ದದ ಬೋಟಿನ ಮುಂದೆ ಬಿದ್ದವರ ಬಳಿಗೆ ಪ್ರೊಪೆಲ್ಲರ್ ಬರಲು ಒಂದು ಸೆಕೆಂಡೂ ಬೇಡ. ಓಡಿಸುವವರು ‘ಅಯ್ಯೋ’ ಅನ್ನುವಷ್ಟರಲ್ಲಿ ಮುಗಿದಿರುತ್ತದೆ. ಅಂಥ ಜಾಗದಲ್ಲಿ ಕೂರಲು ಬಿಟ್ಟದ್ದೂ ಓಡಿಸುವವರ ತಪ್ಪೆಂದೇ ಲೆಕ್ಕಕ್ಕೆ ಬರಬಹುದು.

ಇನ್ನೊಂದು, ಕಿಲ್ ಕಾರ್ಡ್. ಸಾಮಾನ್ಯವಾಗಿ ಕೆಂಪು ಬಣ್ಣದ, ಸುರುಳಿಯಂಥ ದಾರ. ಒಂದು ತುದಿ ಓಡಿಸುವವರ ತೊಡೆಗೆ, ಇನ್ನೊಂದು ಎಂಜಿನ್ ಸ್ವಿಚ್ಚಿಗೆ. ಓಡಿಸುವವರು ಬಿದ್ದರೆ ದಾರ ಕಿತ್ತು ಎಂಜಿನ್ ನಿಲ್ಲುತ್ತದೆ. 2013ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ಒಂದೇ ಕುಟುಂಬದ ಆರೂ ಜನ ತಿರುವಿನಲ್ಲಿ ಬೋಟಿನಿಂದ ನೀರಿಗೆ ಎಸೆಯಲ್ಪಟ್ಟರು. ದಾರ ಯಾರಿಗೂ ಕಟ್ಟಿರಲಿಲ್ಲ. ಖಾಲಿ ಬೋಟು ಸುತ್ತು ಹೊಡೆಯುತ್ತಾ ಅವರ ಮೇಲೆಯೇ ಹಾಯ್ದು ಹೋಯಿತು. ತಂದೆ ಮತ್ತು ಎಂಟು ವರ್ಷದ ಮಗಳು ತೀರಿಕೊಂಡರು. ಇದನ್ನು ಬರೆಯುವಾಗ ಈಗಲೂ ಕೈ ತಡೆಯುತ್ತದೆ.

ಅಮೆರಿಕದಲ್ಲಿ 2021ರ ಏಪ್ರಿಲ್ 1ರಿಂದ, ಈ ಸ್ವಿಚ್ ಇರುವ 26 ಅಡಿಗಿಂತ ಚಿಕ್ಕ ಬೋಟುಗಳನ್ನು ವೇಗವಾಗಿ ಓಡಿಸುವಾಗ ಅದನ್ನು ಹಾಕಿಕೊಳ್ಳುವುದು ಕಡ್ಡಾಯ. ಕ್ಯಾಬಿನ್ ಒಳಗಿಂದ ಓಡಿಸುವ ಬೋಟುಗಳಿಗೆ ವಿನಾಯಿತಿ ಇದೆ. ಇಂಥ ನಿಯಮ ಇರುವ ಕಡೆ ದಾರ ಕಟ್ಟಿಕೊಳ್ಳದೆ ಯಾರಿಗಾದರೂ ಗಾಯವಾದರೆ, ಓಡಿಸಿದವರ ತಪ್ಪು ತೋರಿಸುವುದು ಸುಲಭ.

ಗಾಯಗೊಂಡ ನಿಮ್ಮ ಗೆಳೆಯರು ಈಗ ಮಾಡಬೇಕಾದ್ದು ಹೇಳಿಬಿಡುತ್ತೇನೆ. ಆ ಪ್ರೊಪೆಲ್ಲರನ್ನು ಬದಲಿಸಲು ಬಿಡಬೇಡಿ. ಗೇರ್, ಏಣಿ, ಸ್ವಿಚ್ಚಿನ ದಾರ, ಎಚ್ಚರಿಕೆಯ ಸ್ಟಿಕ್ಕರ್ ಇದೆಯೋ ಇಲ್ಲವೋ, ಎಲ್ಲದರ ಫೋಟೊ ತೆಗೆದಿಡಿ. ಬೋಟಿನಲ್ಲಿದ್ದ ಪ್ರತಿಯೊಬ್ಬರೂ ಕಂಡದ್ದನ್ನು ಬೇರೆಬೇರೆಯಾಗಿ, ನೆನಪು ಹಸಿಯಾಗಿರುವಾಗಲೇ ಬರೆದಿಡಲಿ. ಅಪಘಾತವನ್ನು ವರದಿ ಮಾಡಲು ಗಡುವು ಇರುತ್ತದೆ. ಅಮೆರಿಕದಲ್ಲಾದರೆ ಪ್ರಥಮ ಚಿಕಿತ್ಸೆಗೆ ಮೀರಿದ ಗಾಯಕ್ಕೆ 48 ಗಂಟೆ. ವಿಮೆಯವರು ಮೊದಲ ದಿನವೇ ಕೊಡುವ ಕಾಗದಕ್ಕೆ ವಕೀಲರಿಗೆ ತೋರಿಸದೆ ಸಹಿ ಹಾಕಬೇಡಿ. ಓಡಿಸಿದ ಗೆಳೆಯರ ಮೇಲೆ ದೂರು ಕೊಡಲು ಮನಸ್ಸು ಬಾರದೆ ಹಿಂಜರಿಯುತ್ತಿದ್ದರೆ, ಅವರ ವಿಮೆ ಇದೆಯೇ ಎಂದು ಮೊದಲು ಕೇಳಿ. ವಿಮೆ ಇದ್ದರೆ ಹಣ ಬರುವುದು ಹೆಚ್ಚಾಗಿ ಅಲ್ಲಿಂದಲೇ, ಗೆಳೆಯರ ಜೇಬಿನಿಂದ ಅಲ್ಲ.